ಬ್ಯಾಕಪ್ ಐತಿ ಅಂತೀರಲ್ಲ, ಒಂದ್ಸಲ ತೆಗೆದು ತೋರಿಸಿ

(ಪಾಡ್‌ಕಾಸ್ಟ್‌ನ ಬರಹ ರೂಪ)

ಹರಪನಹಳ್ಳಿಯಿಂದ ಮಾತಾಡ್ತಿದ್ದೀನಿ. ಹಿಂದೆ ಫ್ಯಾನ್ ಸದ್ದು ಕೇಳ್ತಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಅದನ್ನ ಆಫ್ ಮಾಡಿದ್ರೆ ಈ ಸೆಕೆಗೆ ನಾನೇ ಆಫ್ ಆಗ್ತೀನಿ.

ಇವತ್ತಿನ ವಿಷಯ ಮನೆ ಕಂಪ್ಯೂಟರ್. ನೀವೆಲ್ಲ ಇದನ್ನ ಮೊಬೈಲ್‌ನಲ್ಲೇ ಕೇಳ್ತಿದ್ದೀರಿ ಅಂತ ಗೊತ್ತು. ಆದ್ರೆ ಮೊಬೈಲ್ ಮೆಮೊರಿ ತುಂಬಿದಾಗ ಫೋಟೋ, ವಿಡಿಯೋ ಎಲ್ಲಿಗೆ ಇಳಿಸ್ತೀರಿ? ಪಡಸಾಲೆಯ ಮೂಲೆಯಲ್ಲಿ, ಮೈಮೇಲೊಂದು ಟವೆಲ್ ಹೊದ್ದು ಕೂತಿರೋ ಆ ಕಂಪ್ಯೂಟರ್‌ಗೆ. ಅಕ್ಕನ ಮದುವೆ ವಿಡಿಯೋ, ಅಪ್ಪನ ಅಂಗಡಿ ಲೆಕ್ಕ, ಸ್ಕ್ಯಾನ್ ಮಾಡಿಟ್ಟ ಮಾರ್ಕ್ಸ್ ಕಾರ್ಡ್, ಜಮೀನಿನ ಪತ್ರ, ತೀರಿಹೋದ ಅಜ್ಜನ ಇದ್ದೊಂದು ಒಳ್ಳೆ ಫೋಟೋ, ಎಲ್ಲ ಅದರ ಹೊಟ್ಟೆಯಲ್ಲಿದೆ.

ಇದನ್ನ ಈಗ್ಯಾಕೆ ಮಾತಾಡ್ತಿದ್ದೀನಿ ಅಂದ್ರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಆಮೇಲಿಂದ ಹಳೇದನ್ನ ಬಿಟ್ಟು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳೋರು, "ಫಾರ್ಮ್ಯಾಟ್ ಹೊಡೆದು ಹೊಸದು ಹಾಕಿಕೊಡ್ರಿ" ಅಂತ ಸಿಪಿಯು ಹೊತ್ಕೊಂಡು ಅಂಗಡಿಗೆ ಹೋಗೋರು ನನ್ನ ಸುತ್ತ ತುಂಬಾ ಜನ. ಅಂಗಡಿಯವರು ಕೇಳೋ ಮೊದಲ ಪ್ರಶ್ನೆ, "ಬ್ಯಾಕಪ್ ಐತೇನ್ರಿ?" ಉತ್ತರ, "ಐತ್ರಿ." ಎರಡನೇ ಪ್ರಶ್ನೆ ಒಂದಿದೆ, ಅದನ್ನ ಯಾರೂ ಕೇಳಲ್ಲ: ಆ ಬ್ಯಾಕಪ್‌ನಿಂದ ಯಾವತ್ತಾದ್ರೂ ಒಂದು ಫೈಲ್ ವಾಪಸ್ ತೆಗೆದು ನೋಡಿದ್ದೀರಾ?

ನಾನು ಓದಿದ್ದು ಬಿಕಾಂ, ಹಂಗಾಗಿ ನನಗೆ ಇದು ಲೆಕ್ಕದ ಭಾಷೆಯಲ್ಲೇ ಅರ್ಥ ಆಗೋದು. ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಬ್ಯಾಲೆನ್ಸ್ ಅಂತ ಒಂದು ಸಂಖ್ಯೆ ಬರೆದಿರ್ತೀವಿ. ಅದು ನಿಜವಾಗ್ಲೂ ಬ್ಯಾಂಕ್‌ನಲ್ಲಿ ಇದೆಯಾ ಅಂತ ಗೊತ್ತಾಗೋದು ಪಾಸ್‌ಬುಕ್ ತಂದು ಪಕ್ಕದಲ್ಲಿಟ್ಟು ತಾಳೆ ನೋಡಿದಾಗ. ಬ್ಯಾಂಕ್ ರೀಕನ್ಸಿಲಿಯೇಷನ್ ಅಂತ ಸೆಮಿಸ್ಟರ್ ಪೂರ್ತಿ ಅದನ್ನೇ ಮಾಡಿಸ್ತಾರೆ. ಬ್ಯಾಕಪ್ ಅನ್ನೋದು ನಮ್ಮ ಪುಸ್ತಕದ ಎಂಟ್ರಿ ಇದ್ದ ಹಾಗೆ. ರಿಸ್ಟೋರ್ ಮಾಡಿ ನೋಡೋದು ಪಾಸ್‌ಬುಕ್.

ಇದು ಬರೀ ನಮ್ಮಂಥ ಸಣ್ಣೂರಿನವರ ಕಥೆ ಅಂದ್ಕೋಬೇಡಿ. ಗಿಟ್‌ಲ್ಯಾಬ್ ಅಂತ ಒಂದು ಕಂಪನಿ ಇದೆ, ಲೋಕದ ಸಾಫ್ಟ್‌ವೇರ್ ಇಂಜಿನಿಯರ್‌ಗಳು ತಮ್ಮ ಕೋಡ್ ಇಡೋ ಜಾಗ. 2017ರ ಜನವರಿ 31ರಂದು ಅಲ್ಲಿನ ಒಬ್ಬ ಇಂಜಿನಿಯರ್ ರಾತ್ರಿ ಹೊತ್ತಲ್ಲಿ ಬೇರೆ ಸರ್ವರ್ ಅಂದ್ಕೊಂಡು ಮುಖ್ಯ ಡೇಟಾಬೇಸನ್ನೇ ಡಿಲೀಟ್ ಮಾಡಿದ. ಸುಮಾರು 300 ಜಿಬಿ. ಬ್ಯಾಕಪ್‌ಗೆ ಐದು ಬೇರೆ ಬೇರೆ ವಿಧಾನ ಇಟ್ಕೊಂಡಿದ್ರು. ಹೋಗಿ ನೋಡಿದ್ರೆ ಐದರಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡ್ತಿರ್ಲಿಲ್ಲ. ಅದೃಷ್ಟಕ್ಕೆ ಯಾರೋ ಪರೀಕ್ಷೆಗೆ ಅಂತ ಆರು ಗಂಟೆ ಹಿಂದೆ ಕೈಯಾರೆ ತೆಗೆದಿಟ್ಟಿದ್ದ ಒಂದು ಕಾಪಿ ಸಿಕ್ತು, ಅದರಿಂದ ಮತ್ತೆ ಎದ್ದು ನಿಂತರು. ಆ ಆರು ಗಂಟೆಯ ಕೆಲಸ ಹೋಯ್ತು. ಆ ರಿಸ್ಟೋರ್ ಕೆಲಸವನ್ನ ಅವರು ಯೂಟ್ಯೂಬ್‌ನಲ್ಲಿ ಲೈವ್ ಬೇರೆ ಹಾಕಿದ್ರು. ಆ ಧೈರ್ಯಕ್ಕೆ ಒಂದು ಚಪ್ಪಾಳೆ.

ಈಗ ನಮ್ಮ ಕಡೆ ಅತಿ ಹೆಚ್ಚು ಕಾಣೋ ತಪ್ಪು ತಿಳಿವಳಿಕೆಗೆ ಬರೋಣ. ಮನೆ ಕಂಪ್ಯೂಟರ್ ತೆರೆದ್ರೆ ಸಿ ಡ್ರೈವ್, ಡಿ ಡ್ರೈವ್, ಇ ಡ್ರೈವ್ ಅಂತ ಕಾಣುತ್ತೆ. ಅಂಗಡಿಯವರು ಹೇಳಿರ್ತಾರೆ, "ಮುಖ್ಯವಾದ್ದು ಡಿ ಒಳಗ ಇಡ್ರಿ, ಸಿ ಫಾರ್ಮ್ಯಾಟ್ ಆದ್ರೂ ಡಿ ಉಳೀತೈತಿ." ಮಾತು ಸುಳ್ಳಲ್ಲ. ವಿಂಡೋಸ್ ಕೆಟ್ಟು ಸಿ ಡ್ರೈವ್ ಅಳಿಸಿ ಮತ್ತೆ ಹಾಕುವಾಗ ಡಿ ಉಳಿಯುತ್ತೆ. ಆದ್ರೆ ಜನ ಅದನ್ನ "ಸಿಯಿಂದ ಡಿಗೆ ಕಾಪಿ ಮಾಡಿದ್ರೆ ಬ್ಯಾಕಪ್ ಆಯ್ತು" ಅಂತ ಓದ್ಕೊಂಡಿದ್ದಾರೆ. ಬಹಳಷ್ಟು ಮನೆ ಕಂಪ್ಯೂಟರ್‌ಗಳಲ್ಲಿ ಸಿ, ಡಿ, ಇ ಮೂರೂ ಒಂದೇ ಹಾರ್ಡ್ ಡಿಸ್ಕ್‌ನ ಮೇಲೆ ಎಳೆದ ಗೆರೆಗಳು. ಒಂದೇ ಕೋಣೆಗೆ ಮೂರು ಪರದೆ ಕಟ್ಟಿದ ಹಾಗೆ. ಸೂರು ಬಿದ್ರೆ ಮೂರರ ಮೇಲೂ ಬೀಳುತ್ತೆ.

ಹೋದ ವರ್ಷ ನಾನು ಹತ್ತಿರದಿಂದ ನೋಡಿದ ಒಂದು ಕೇಸ್ ಹೇಳ್ತೀನಿ. ಹೆಸರು ಬೇಡ. ನಮ್ಮ ಊರಿನ ನಿವೃತ್ತ ಮೇಷ್ಟ್ರು. ಸರ್ವಿಸ್‌ನಲ್ಲಿದ್ದಾಗ ಚಿಗಟೇರಿ, ತೆಲಿಗಿ ಕಡೆ ಹಳ್ಳಿ ಹಳ್ಳಿ ತಿರುಗಿ ಬೀಸೋ ಪದ, ಸೋಬಾನೆ ಪದ, ತೊಟ್ಟಿಲ ಪದ ಹಾಡ್ತಿದ್ದ ಹೆಣ್ಮಕ್ಕಳ ಹತ್ರ ಕೂತು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದಾರೆ. ರಿಟೈರ್ ಆದ್ಮೇಲೆ ಒಂದು ಕಂಪ್ಯೂಟರ್ ತಗೊಂಡು, ಯಾರದೋ ಕೈಲಿ ಆ ಕ್ಯಾಸೆಟ್‌ಗಳನ್ನ ಎಂಪಿ3 ಮಾಡಿಸಿ, ಹಾಡುಗಳನ್ನ ತಾವೇ ಒಂದೊಂದೇ ಬೆರಳಲ್ಲಿ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡ್ತಾ ಬಂದ್ರು. ಹಾಡಿದವರಲ್ಲಿ ಬಹಳ ಜನ ಈಗ ಇಲ್ಲ. ಅಂದ್ರೆ ಇದು ಮತ್ತೆ ಹೋಗಿ ತರಬಹುದಾದ ಸಾಮಾನಲ್ಲ.

ಒಂದು ದಿನ ಕಂಪ್ಯೂಟರ್ ಆನ್ ಆಗ್ಲಿಲ್ಲ. ಒಳಗಿಂದ ಟಿಕ್ ಟಿಕ್ ಅಂತ ಸದ್ದು. ಅವರ ಮೊಮ್ಮಗಳು ನಮ್ಮ ಪಾಡ್‌ಕಾಸ್ಟ್ ಕೇಳ್ತಾಳೆ, ನನಗೆ ಮೆಸೇಜ್ ಹಾಕಿದ್ಲು. ನಾನು ಹೋಗೋಷ್ಟರಲ್ಲಿ ಮೇಷ್ಟ್ರು ನಾಲ್ಕೈದು ಸಲ ಆಫ್ ಆನ್ ಮಾಡಿ ನೋಡಿದ್ರು. "ಗಾಬರಿ ಏನಿಲ್ಲ ತಮ್ಮಾ, ಡಿ ಡ್ರೈವ್‌ನಾಗೆ ಬ್ಯಾಕಪ್ ಐತಿ" ಅಂದ್ರು. ನನಗೆ ಏನು ಹೇಳ್ಬೇಕು ಅಂತ ತೋಚಲಿಲ್ಲ.

ಇಲ್ಲಿ ಒಂದು ಮಾತು, ನೆನಪಿಟ್ಕೊಳ್ಳಿ. ಹಳೇ ಮಾದರಿ ಹಾರ್ಡ್ ಡಿಸ್ಕ್‌ನಲ್ಲಿ ತಿರುಗೋ ತಟ್ಟೆಗಳಿರ್ತವೆ. ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದೋ ತಲೆ ತೇಲ್ತಾ ಇರುತ್ತೆ. ಟಿಕ್ ಟಿಕ್ ಸದ್ದು ಬಂತು ಅಂದ್ರೆ ಸಾಮಾನ್ಯವಾಗಿ ಆ ತಲೆ ತನ್ನ ಜಾಗ ಸಿಗದೆ ಒದ್ದಾಡ್ತಿದೆ ಅಂತ ಅರ್ಥ. ಪ್ರತಿ ಸಲ ಆನ್ ಮಾಡಿದಾಗ ಅದು ತಟ್ಟೆಯನ್ನ ಗೀರೋ ಸಾಧ್ಯತೆ ಇದೆ. ಸದ್ದು ಕೇಳಿದ ತಕ್ಷಣ ಪ್ಲಗ್ ಕಿತ್ತು ಸುಮ್ನಿರಬೇಕು. ಯೂಟ್ಯೂಬ್‌ನಲ್ಲಿ ಡಿಸ್ಕನ್ನ ಫ್ರಿಜ್‌ನಲ್ಲಿಡಿ, ಬಿಚ್ಚಿ ನೋಡಿ ಅಂತೆಲ್ಲ ಹೇಳ್ತಾರೆ, ದಯವಿಟ್ಟು ಮಾಡ್ಬೇಡಿ. ಒಂದು ಧೂಳಿನ ಕಣ ಸಾಕು, ಇನ್ನು ನಮ್ಮ ಊರಿನ ಧೂಳಿನ ಬಗ್ಗೆ ನಾನೇನು ಹೇಳೋದು.

ಡಿಸ್ಕನ್ನ ಬೆಂಗಳೂರಿನ ಒಂದು ರಿಕವರಿ ಲ್ಯಾಬ್‌ಗೆ ಕಳಿಸಿದ್ವಿ. ತಟ್ಟೆ ಮೇಲೆ ಗೀರು ಬಿದ್ದಿದೆ, ಆಗಲ್ಲ ಅಂತ ವಾಪಸ್ ಬಂತು. ಸಿ ಜೊತೆಗೆ ಡಿ ಕೂಡ ಹೋಯ್ತು.

ಆಮೇಲೆ ಮೇಷ್ಟ್ರಿಗೆ ಒಂದು ಪೆನ್‌ಡ್ರೈವ್ ನೆನಪಾಯ್ತು. ದೇವರ ಮನೆ ಗೂಡಲ್ಲಿ, ಕರ್ಪೂರದ ಡಬ್ಬಿ ಪಕ್ಕ. 2019ರಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಅಂತ ಎಲ್ಲ ಕಾಪಿ ಮಾಡಿದ್ರಂತೆ. ಹಾಕಿ ತೆರೆದ್ರೆ ಎರಡು ಫೋಲ್ಡರ್ ಕಾಣ್ತು. ಒಂದರಲ್ಲಿ ಟೈಪ್ ಮಾಡಿದ ಫೈಲ್‌ಗಳು. ಇನ್ನೊಂದರ ಹೆಸರು "ಹಾಡು ಒರಿಜಿನಲ್". ಅದರ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ಸೈಜ್ ನೋಡಿದೆ, 2 ಕೆಬಿ.

"ಹೆಸರು ಐತಲ್ಲಪ್ಪ ಇಲ್ಲಿ, ಒತ್ತು" ಅಂದ್ರು.

"ಸರ್, ಇದು ಮನೆ ಅಡ್ರೆಸ್ ಬರೆದಿರೋ ಚೀಟಿ. ಮನೆ ಆ ಡಿಸ್ಕ್‌ನಲ್ಲೇ ಉಳೀತು."

ಅದು ಶಾರ್ಟ್‌ಕಟ್. ಡೆಸ್ಕ್‌ಟಾಪ್ ಮೇಲೆ ಕಾಣೋ ಎಷ್ಟೋ ಐಕಾನ್‌ಗಳು ಫೋಲ್ಡರ್ ಅಲ್ಲ, ಫೋಲ್ಡರ್ ಎಲ್ಲಿದೆ ಅಂತ ತೋರಿಸೋ ಬಾಣ. ಅದನ್ನ ಪೆನ್‌ಡ್ರೈವ್‌ಗೆ ಎಳೆದು ಹಾಕಿದ್ರೆ ಕಾಪಿ ಆಗೋದು ಬಾಣ ಮಾತ್ರ. ಕಣ್ಣು ಮಿಟುಕಿಸೋದ್ರಲ್ಲಿ ಕಾಪಿ ಮುಗಿಯುತ್ತೆ, ಎಂಥ ಫಾಸ್ಟ್ ಪೆನ್‌ಡ್ರೈವ್ ಅಂತ ಖುಷಿ ಬೇರೆ. ಆರು ವರ್ಷದಲ್ಲಿ ಒಂದೇ ಒಂದು ಸಲ ಬೇರೆ ಕಂಪ್ಯೂಟರ್‌ಗೆ ಹಾಕಿ ಒಂದು ಹಾಡು ಕೇಳಿದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು. ಅವರನ್ನ ಬೈಯೋಕೆ ಹೇಳ್ತಿಲ್ಲ. ಅದನ್ನ ಅವರಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ.

ಇನ್ನು ಟೈಪ್ ಮಾಡಿದ ಫೈಲ್‌ಗಳು. ಅವು ನಿಜವಾದ ಫೈಲ್‌ಗಳೇ, ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದುಕೊಂಡವು. ಆದ್ರೆ ಪರದೆ ಮೇಲೆ ಕನ್ನಡದ ಒಂದು ಅಕ್ಷರ ಇಲ್ಲ. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಇರೋ ಅಕ್ಷರ, ನಡುನಡುವೆ ಪೌಂಡ್ ಚಿಹ್ನೆ. ಮೇಷ್ಟ್ರ ಮುಖ ಬಿಳಿಚಿಕೊಳ್ತು. ವೈರಸ್ ಬಡಿದಿದೆ ಅಂದ್ಕೊಂಡ್ರು.

ಇದು ಕನ್ನಡದವರಿಗೆ ಮಾತ್ರ ಇರೋ ಬ್ಯಾಕಪ್ ಸಮಸ್ಯೆ ಅಂತ ಹೇಳಲ್ಲ, ತಮಿಳು, ಹಿಂದಿಯವರಿಗೂ ಇದೆ. ಆದ್ರೆ ನಮ್ಮ ಮನೆಗಳಲ್ಲಿ ಇದು ಎಷ್ಟಿದೆ ಅಂತ ಇನ್ನೂ ಯಾರೂ ಎಣಿಸಿ ನೋಡಿಲ್ಲ ಅನ್ಸುತ್ತೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಈಗ ನೀವು ಮೊಬೈಲ್‌ನಲ್ಲಿ ಕನ್ನಡ ಟೈಪ್ ಮಾಡಿದ್ರೆ ಅದು ಯೂನಿಕೋಡ್. ಅಲ್ಲಿ "ಕ" ಅನ್ನೋದಕ್ಕೆ ಜಗತ್ತಿಗೆಲ್ಲ ಒಂದೇ ನಂಬರ್. ಯಾವ ಫೋನ್‌ನಲ್ಲಿ ತೆರೆದರೂ "ಕ". ಅದಕ್ಕಿಂತ ಮುಂಚೆ, ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಇವು ಬೇರೊಂದು ಉಪಾಯ ಮಾಡಿದ್ವು. ಕಂಪ್ಯೂಟರ್‌ಗೆ ಆಗ ಗೊತ್ತಿದ್ದದ್ದು ಇಂಗ್ಲಿಷ್ ಮತ್ತೆ ಯುರೋಪಿನ ಕೆಲವು ಅಕ್ಷರಗಳ ಜಾಗ ಮಾತ್ರ. ಆ ಜಾಗಗಳಲ್ಲೇ ಕನ್ನಡದ ಚಿತ್ರಗಳನ್ನ ಕೂರಿಸಿದ ಫಾಂಟ್ ಮಾಡಿದ್ರು. ಅಂದ್ರೆ ಫೈಲ್ ಒಳಗೆ ಇರೋದು ದೊಡ್ಡ ಪಿ ಮತ್ತು ತಲೆ ಮೇಲೆ ಗೆರೆ ಇರೋ ಎ. ನುಡಿ ಫಾಂಟ್ ಅದನ್ನ "ಕ" ಅಂತ ಬರೆದು ತೋರಿಸುತ್ತೆ. ಪೌಂಡ್ ಚಿಹ್ನೆ ಬಂದ್ರೆ ಅದು "ನ" ಅಕ್ಷರದ ಒಂದು ಭಾಗ. ಆ ಕಾಲಕ್ಕೆ ಅದು ದೊಡ್ಡ ಕೆಲಸ, ಕನ್ನಡದ ಡಿಟಿಪಿ ಉದ್ಯಮ ಪೂರ್ತಿ ಅದರ ಮೇಲೆ ನಿಂತಿತ್ತು, ಈಗಲೂ ಎಷ್ಟೋ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಅದೇ ಓಡ್ತಿದೆ.

ಅದರಿಂದ ಆಗೋದೇನು? ಫೈಲನ್ನ ಉಳಿಸ್ಕೊಂಡ್ರೆ ಸಾಲದು, ಆ ಫಾಂಟನ್ನೂ ಉಳಿಸ್ಕೋಬೇಕು. ಫಾಂಟ್ ಇಲ್ಲದ ಹೊಸ ಲ್ಯಾಪ್‌ಟಾಪ್‌ನಲ್ಲಿ, ಮೊಬೈಲ್‌ನಲ್ಲಿ ಅದು ಕಸದ ರಾಶಿ ಥರ ಕಾಣುತ್ತೆ. "ಸೋಬಾನೆ" ಅಂತ ಹುಡುಕಿದ್ರೆ ಸಿಗಲ್ಲ, ಯಾಕಂದ್ರೆ ಆ ಫೈಲ್ ಒಳಗೆ ಸೋಬಾನೆ ಅನ್ನೋ ಪದವೇ ಇಲ್ಲ. ಇಂಥ ಫೈಲ್ ಕಂಡು "ಕರಪ್ಟ್ ಆಗಿದೆ" ಅಂತ ಡಿಲೀಟ್ ಮಾಡಿದವರು ಎಷ್ಟು ಜನ ಇರಬಹುದು ಅಂತ ಯೋಚನೆ ಮಾಡಿದ್ರೆ ಹೊಟ್ಟೆ ಉರಿಯುತ್ತೆ.

ನಾವು ನುಡಿ ಹಾಕಿದ್ವಿ, ಫಾಂಟ್ ಬಂತು, ಅಕ್ಷರ ಬಂತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡ್ರು. ಆಮೇಲೆ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿದ್ವಿ. ಅದಕ್ಕೆ ಉಚಿತ ಪರಿವರ್ತಕಗಳಿವೆ, ನುಡಿಯಲ್ಲೇ ಒಂದು ಇದೆ. ಒಂದೆರಡು ಎಚ್ಚರಿಕೆ: ಅರ್ಕಾವತ್ತು, ಕೆಲವು ಒತ್ತಕ್ಷರ ಅಲ್ಲಲ್ಲಿ ತಪ್ಪಾಗಬಹುದು, ಒಂದ್ಸಲ ಓದಿ ತಿದ್ದಬೇಕು. ಬದಲಾಯಿಸಿದ್ಮೇಲೂ ಹಳೇ ಫೈಲ್ ಅಳಿಸ್ಬೇಡಿ, ಜೊತೆಗೆ ನುಡಿ ಸಾಫ್ಟ್‌ವೇರಿನ ಸೆಟಪ್ ಫೈಲನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ. ಮನೆಯಲ್ಲಿ ಯಾರಾದ್ರೂ ಹಳೇ ಡಿಟಿಪಿ ಮಾಡ್ತಿದ್ದವರು, ಕವಿತೆ ಬರೆಯೋರು, ಸಂಘದ ಕಾರ್ಯದರ್ಶಿ ಆಗಿದ್ದವರು ಇದ್ರೆ ಇವತ್ತೇ ಅವರ ಫೈಲ್ ಒಂದನ್ನ ನಿಮ್ಮ ಮೊಬೈಲ್‌ಗೆ ಹಾಕಿ ತೆರೆದು ನೋಡಿ. ಕಸ ಕಂಡ್ರೆ ಗಾಬರಿ ಬೇಡ, ಅದು ವಾಪಸ್ ಬರುತ್ತೆ.

ಹಾಡಿನ ದನಿ? ಟ್ರಂಕ್‌ನಲ್ಲಿ ಹನ್ನೊಂದು ಕ್ಯಾಸೆಟ್ ಉಳಿದಿತ್ತು. ಏಳು ಓಡಿದ್ವು. ಹಳೇ ಟೇಪ್ ರೆಕಾರ್ಡರ್‌ನ ಇಯರ್‌ಫೋನ್ ತೂತಿಂದ ಲ್ಯಾಪ್‌ಟಾಪ್‌ಗೆ ವೈರ್ ಹಾಕಿ, ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಮತ್ತೆ ರೆಕಾರ್ಡ್ ಮಾಡಿದ್ವಿ. ಕ್ಯಾಸೆಟ್ ಎಷ್ಟು ಹೊತ್ತು ಇದೆಯೋ ಅಷ್ಟೇ ಹೊತ್ತು ಕೂರಬೇಕು, ಬೇಗ ಮಾಡೋ ದಾರಿ ಇಲ್ಲ. ಮಿಕ್ಕ ನಾಲ್ಕರ ರೀಲು ಅಂಟಿಕೊಂಡಿತ್ತು. 2019ರ ನಂತರ ಟೈಪ್ ಮಾಡಿದ್ದು ಯಾವುದೂ ಸಿಗಲಿಲ್ಲ.

ಸರಿ, ಈಗ ನಿಮ್ಮ ಮನೆ ಕಂಪ್ಯೂಟರ್. ಎಲ್ಲಿಂದ ಶುರು ಮಾಡೋದು?

ನಾನು ಒಂದೇ ಪ್ರಶ್ನೆ ಇಟ್ಕೊಂಡಿದ್ದೀನಿ: ಇದು ಹೋದ್ರೆ ಮತ್ತೆ ಸಿಗುತ್ತಾ? ಸಿನಿಮಾ, ಗೇಮ್, ಸಾಫ್ಟ್‌ವೇರ್ ಮತ್ತೆ ಸಿಗುತ್ತೆ, ಬಿಡಿ. ಆಧಾರ್, ಡ್ರೈವಿಂಗ್ ಲೈಸೆನ್ಸ್ ಥರದ್ದು ಡಿಜಿಲಾಕರ್‌ನಲ್ಲಿ ಮತ್ತೆ ಇಳಿಸ್ಕೋಬಹುದು. ಆದ್ರೆ ಹಳೇ ಕಾಗದಗಳ ಸ್ಕ್ಯಾನ್ ವಿಷಯದಲ್ಲಿ ನಮ್ಮ ತಾಲ್ಲೂಕಿನವರು ಸ್ವಲ್ಪ ಹೆಚ್ಚೇ ಹುಷಾರಾಗಿರಬೇಕು. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆಗೆ ಹೋಯ್ತು, ಆಮೇಲೆ ವಾಪಸ್ ಬಳ್ಳಾರಿ, 2021ರಿಂದ ವಿಜಯನಗರ. ಒಂದೇ ಮನೆಯ ಮೂರು ಜನರ ಕಾಗದದಲ್ಲಿ ಮೂರು ಜಿಲ್ಲೆಯ ಹೆಸರು. 371 ಜೆ ಸರ್ಟಿಫಿಕೇಟ್ ಮಾಡಿಸೋಕೆ ಓಡಾಡಿದವರಿಗೆ ಗೊತ್ತು, ಅಪ್ಪನ ಹಳೇ ಟಿಸಿ, ವ್ಯಾಸಂಗ ಪ್ರಮಾಣಪತ್ರ ಯಾವ ಗಳಿಗೆಯಲ್ಲಿ ಬೇಕಾಗುತ್ತೋ ಹೇಳೋಕಾಗಲ್ಲ. ಮೂಲ ಕಾಗದಕ್ಕೆ ಗೆದ್ದಲು ಹಿಡಿದಿದ್ರೆ ಆ ಸ್ಕ್ಯಾನ್ ಕಾಪಿ ತೋರಿಸಿಯಾದ್ರೂ ಶಾಲೆಯಲ್ಲಿ ದಾಖಲೆ ನಂಬರ್ ಹಿಡಿದು ಹುಡುಕಿಸಬಹುದು. ಹಾಗಾಗಿ ಮತ್ತೆ ಸಿಗದಿರೋದು ಅಂದ್ರೆ ಫೋಟೋ, ದನಿ, ಕೈಯಾರೆ ಬರೆದದ್ದು, ಲೆಕ್ಕ, ಹಳೇ ಕಾಗದ. ಸಾಮಾನ್ಯ ಮನೆಯಲ್ಲಿ ಇದೆಲ್ಲ ಸೇರಿ ನೀವು ಅಂದ್ಕೊಂಡಷ್ಟು ಜಾಗ ತಿನ್ನಲ್ಲ. ಜಾಗ ತಿನ್ನೋದು ಮದುವೆ ವಿಡಿಯೋ.

ಎಲ್ಲಿ ಇಡೋದು ಅನ್ನೋದಕ್ಕೆ 3-2-1 ಅಂತ ಒಂದು ಲೆಕ್ಕ ಇದೆ, ಪೀಟರ್ ಕ್ರೋಗ್ ಅನ್ನೋ ಅಮೆರಿಕದ ಫೋಟೋಗ್ರಾಫರ್ ಹೇಳಿ ಜನಪ್ರಿಯ ಆಗಿದ್ದು. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನದಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ. ಕಂಪ್ಯೂಟರ್‌ನಲ್ಲಿ ಇರೋದೇ ಒಂದು. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಎರಡು. ಮೂರನೇದು ಕ್ಲೌಡ್ ಇರಬಹುದು, ಅಥವಾ ದಾವಣಗೆರೆಯಲ್ಲಿರೋ ಅಕ್ಕನ ಮನೆ ಬೀರುವಿನಲ್ಲಿ ಇನ್ನೊಂದು ಡಿಸ್ಕ್. ನಗಬೇಡಿ, ಅಕ್ಕನ ಮನೆ ಬೀರು ಒಳ್ಳೆ ತಂತ್ರಜ್ಞಾನ.

ನಂಬಲ್ಲ ಅಂದ್ರೆ ಕೇಳಿ. ಟಾಯ್ ಸ್ಟೋರಿ 2 ನೋಡಿದ್ದೀರಲ್ಲ? 1998ರಲ್ಲಿ ಆ ಸಿನಿಮಾ ತಯಾರಾಗ್ತಿದ್ದಾಗ ಪಿಕ್ಸಾರ್‌ನಲ್ಲಿ ಯಾರೋ ಕೊಟ್ಟ ಒಂದು ಡಿಲೀಟ್ ಕಮಾಂಡ್‌ಗೆ ಸಿನಿಮಾದ ಬಹುಪಾಲು ಫೈಲ್‌ಗಳು ಅಳಿಸಿ ಹೋದವು. ಬ್ಯಾಕಪ್‌ನಿಂದ ತೆಗೆಯೋಕೆ ಹೋದ್ರೆ ಬ್ಯಾಕಪ್ ಕೂಡ ಸರಿಯಿರ್ಲಿಲ್ಲ. ಅದೇ ಕಥೆ, ಯಾರೂ ಪರೀಕ್ಷೆ ಮಾಡಿರ್ಲಿಲ್ಲ. ತಂತ್ರಜ್ಞರ ತಂಡದ ಗ್ಯಾಲಿನ್ ಸಸ್ಮನ್ ಅನ್ನೋರು ಆಗ ಬಾಣಂತಿ, ಎಳೆ ಮಗು ಇತ್ತು ಅಂತ ಮನೆಯಿಂದ ಕೆಲಸ ಮಾಡ್ತಿದ್ರು. ಅವರ ಮನೆ ಕಂಪ್ಯೂಟರ್‌ನಲ್ಲಿ ಒಂದು ಕಾಪಿ ಇತ್ತು. ಆ ಕಂಪ್ಯೂಟರನ್ನ ಕಂಬಳಿ ಸುತ್ತಿ ಕಾರಿನಲ್ಲಿ ಮೆಲ್ಲಗೆ ತಂದ್ರಂತೆ. ಒಂದು ಮನೆ ಕಂಪ್ಯೂಟರ್ ಇಡೀ ಸಿನಿಮಾ ಉಳಿಸ್ತು.

ಇನ್ನು ಕ್ಲೌಡ್. ಗೂಗಲ್ ಉಚಿತವಾಗಿ ಕೊಡೋದು 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚ್ಕೋಬೇಕು. ಮೈಕ್ರೋಸಾಫ್ಟ್ ಒನ್‌ಡ್ರೈವ್ ಉಚಿತ 5 ಜಿಬಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕಳಿಸ್ತೀನಿ ಅನ್ನೋರು ಲೆಕ್ಕ ಹಾಕಿ: ದಿನಕ್ಕೆ 1.5 ಜಿಬಿ ಪ್ಲಾನ್ ಇದ್ರೆ 60 ಜಿಬಿ ಮೇಲೇರಿಸೋಕೆ ರೀಲ್ಸ್ ಒಂದೂ ನೋಡದೆ 40 ದಿನ. ಕ್ಲೌಡ್‌ಗೆ ಕಾಗದ ಪತ್ರ, ಬರಹ, ಆಯ್ದ ಫೋಟೋ ಕಳಿಸಿ. ವಿಡಿಯೋ ಡಿಸ್ಕ್‌ನಲ್ಲಿರಲಿ. ಎರಡು ವರ್ಷ ಮುಟ್ಟದೇ ಬಿಟ್ಟ ಅಕೌಂಟನ್ನ ಗೂಗಲ್ ಅಳಿಸಿ ಹಾಕಬಹುದು, ಅದೂ ನೆನಪಿರಲಿ.

ಕ್ಲೌಡ್‌ನಲ್ಲಿ ಇನ್ನೊಂದು ಗುಂಡಿ ಇದೆ, ಸಿಂಕ್. ಕಂಪ್ಯೂಟರ್‌ನ ಫೋಲ್ಡರ್ ಮತ್ತು ಕ್ಲೌಡ್‌ನ ಫೋಲ್ಡರ್ ಒಂದೇ ಥರ ಇರೋ ಹಾಗೆ ನೋಡ್ಕೊಳ್ಳೋದು ಅದರ ಕೆಲಸ. ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಯುತ್ತೆ. ತಮ್ಮ ಆಟಕ್ಕೆ ಅಂತ ಡಿಲೀಟ್ ಒತ್ತಿದ್ರೂ ಅದು ನಿಷ್ಠೆಯಿಂದ ಪಾಲಿಸುತ್ತೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತೆ, ಆಮೇಲೆ ಇಲ್ಲ. ಹಾಗಾಗಿ ಸಿಂಕ್ ಇದ್ರೂ ಡಿಸ್ಕ್ ಬೇಕು.

ಡಿಸ್ಕ್ ತಂದ್ಮೇಲೆ ಏನು ಮಾಡಬಾರದು ಗೊತ್ತಾ? ಅದನ್ನ ಯಾವಾಗ್ಲೂ ಕಂಪ್ಯೂಟರ್‌ಗೆ ಸಿಕ್ಕಿಸಿ ಇಡಬಾರದು. 2017ರ ಮೇ 12ರಂದು ವಾನಾಕ್ರೈ ಅನ್ನೋ ರಾನ್ಸಮ್‌ವೇರ್ ಹರಡಿ ನೂರೈವತ್ತಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳ್ತು. ಪಕ್ಕದ ಆಂಧ್ರದ ಪೊಲೀಸ್ ಕಂಪ್ಯೂಟರ್‌ಗಳಿಗೂ ಬಡಿದಿತ್ತು. ಇಂಥವು ಆ ಹೊತ್ತಿಗೆ ಕಂಪ್ಯೂಟರ್‌ಗೆ ಯಾವ್ಯಾವ ಡ್ರೈವ್ ಕಾಣುತ್ತೋ ಎಲ್ಲಕ್ಕೂ ಬೀಗ ಹಾಕ್ತವೆ. ಸಿಕ್ಕಿಸಿದ ಬ್ಯಾಕಪ್ ಡಿಸ್ಕ್ ಕೂಡ ಅದಕ್ಕೆ ಒಂದು ಡ್ರೈವ್ ಅಷ್ಟೆ. ಜೊತೆಗೆ ನಮ್ಮ ಕಡೆ ಕರೆಂಟ್ ಹೋಗಿ ಬರೋ ರೀತಿ ನಿಮಗೆ ಗೊತ್ತು. ಕಾಪಿ ಮುಗೀತಾ, ಇಜೆಕ್ಟ್ ಒತ್ತಿ, ಬಿಚ್ಚಿ, ಬೀರುಗೆ. ಕಾಪಿ ಮಾಡೋವಾಗ ಯುಪಿಎಸ್ ಇದ್ರೆ ಒಳ್ಳೇದು, ಲ್ಯಾಪ್‌ಟಾಪ್ ಆದ್ರೆ ಚಾರ್ಜ್ ಇರಲಿ.

ಪೆನ್‌ಡ್ರೈವ್ ಸಾಗಿಸೋಕೆ, ವರ್ಷಗಟ್ಟಲೆ ಇಡೋಕಲ್ಲ. ಆನ್‌ಲೈನ್‌ನಲ್ಲಿ ಚಿಲ್ಲರೆ ಕಾಸಿಗೆ 2 ಟಿಬಿ ಅಂತ ಬರುತ್ತಲ್ಲ, ಅದರಲ್ಲಿ ಬಹಳಷ್ಟು ನಕಲಿ. ಒಳಗೆ ನಿಜವಾಗಿ ಇರೋದು ಸ್ವಲ್ಪ ಜಾಗ. ತುಂಬಿದ ಮೇಲೆ ಹೊಸ ಫೈಲ್‌ಗಳು ಹಳೇದರ ಮೇಲೆ ಬಂದು ಕೂರ್ತವೆ. ಹೆಸರೆಲ್ಲ ಪಟ್ಟಿಯಲ್ಲಿ ಕಾಣುತ್ತೆ, ತೆರೆದ್ರೆ ಏನೂ ಇಲ್ಲ. ಇನ್ನು ದೊಡ್ಡ ವಿಡಿಯೋ ಕಾಪಿ ಆಗದೆ "ಫೈಲ್ ತುಂಬಾ ದೊಡ್ಡದು" ಅಂತ ಬಂದ್ರೆ ಡಿಸ್ಕ್ ಕೆಟ್ಟಿದೆ ಅಂತಲ್ಲ. ಫ್ಯಾಟ್32 ಮಾದರಿಯಲ್ಲಿ ಒಂದು ಫೈಲ್ 4 ಜಿಬಿ ಮೀರೋ ಹಾಗಿಲ್ಲ. ಅದನ್ನ ಖಾಲಿ ಮಾಡಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ.

ವಿಂಡೋಸ್‌ನಲ್ಲೇ ಫೈಲ್ ಹಿಸ್ಟರಿ ಅಂತ ಒಂದು ಸೌಲಭ್ಯ ಇದೆ, ಕಂಟ್ರೋಲ್ ಪ್ಯಾನೆಲ್‌ನಲ್ಲಿ. ಡಿಸ್ಕ್ ಸಿಕ್ಕಿಸಿ ಆನ್ ಮಾಡಿದ್ರೆ ಬದಲಾದ ಫೈಲ್‌ಗಳ ಹಳೇ ಆವೃತ್ತಿಗಳನ್ನೂ ಇಟ್ಕೊಳ್ಳುತ್ತೆ. ಚೆನ್ನಾಗಿದೆ, ಆದ್ರೆ ನಮ್ಮವರಿಗೆ ಒಂದು ಕೊಕ್ಕೆ: ಅದು ತಾನಾಗೇ ನೋಡೋದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಫೋಲ್ಡರ್‌ಗಳನ್ನ. ನಾವು ಎಲ್ಲ ತಗೊಂಡು ಹೋಗಿ ಡಿ ಡ್ರೈವ್‌ನಲ್ಲಿ ಇಟ್ಟಿರ್ತೀವಿ. ಆ ಫೋಲ್ಡರ್‌ನ ಮೇಲೆ ರೈಟ್ ಕ್ಲಿಕ್ ಮಾಡಿ ಲೈಬ್ರರಿಗೆ ಸೇರಿಸದೇ ಇದ್ರೆ ಅದು ಮುಟ್ಟೋದೇ ಇಲ್ಲ. ವರ್ಷಗಟ್ಟಲೆ "ಬ್ಯಾಕಪ್ ಮುಗಿದಿದೆ" ಅಂತ ತೋರಿಸ್ತಾ ಇರುತ್ತೆ. ನಿಜ ಹೇಳ್ಬೇಕಂದ್ರೆ, ಇದೆಲ್ಲ ತಲೆನೋವು ಅನ್ನಿಸಿದವರು ಕೈಯಾರೆ ಕಾಪಿ ಪೇಸ್ಟ್ ಮಾಡೋದೇ ವಾಸಿ. ಫೋಲ್ಡರ್‌ಗೆ ತಾರೀಖು ಹೆಸರಿಡಿ, ಹಳೇದನ್ನ ಕೂಡಲೇ ಅಳಿಸ್ಬೇಡಿ.

ಹೊಸ ಲ್ಯಾಪ್‌ಟಾಪ್ ತಗೊಂಡವರಿಗೆ ಒಂದು. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದ್ರೆ ಬಹಳಷ್ಟು ಸಲ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತೆ. ಕಳ್ಳ ಕದ್ರೂ ಓದೋಕಾಗಲ್ಲ, ಒಳ್ಳೇದೇ. ಆದ್ರೆ ಮದರ್‌ಬೋರ್ಡ್ ಕೆಟ್ಟು ಡಿಸ್ಕನ್ನ ಬೇರೆ ಕಂಪ್ಯೂಟರ್‌ಗೆ ಹಾಕಿದಾಗ ನಿಮಗೂ ಓದೋಕಾಗಲ್ಲ, ರಿಕವರಿ ಕೀ ಕೇಳುತ್ತೆ. ಆ 48 ಅಂಕಿಯ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತೆ. ಅಂಗಡಿಯವರು ಸೆಟಪ್ ಮಾಡುವಾಗ ಯಾವ ಅಕೌಂಟ್ ಹಾಕಿದ್ರು, ನಿಮ್ಮದಾ, ಅವರದ್ದಾ? ಇವತ್ತೇ ನೋಡಿ. ಕೀ ಪ್ರಿಂಟ್ ತೆಗೆದು ಕಾಗದ ಪತ್ರಗಳ ಜೊತೆ ಇಡಿ. ಹಾಗೇ ಗೂಗಲ್ ಅಕೌಂಟ್‌ಗೆ ಒಟಿಪಿ ಯಾವ ನಂಬರ್‌ಗೆ ಹೋಗುತ್ತೆ ನೋಡಿ. ರೀಚಾರ್ಜ್ ಮಾಡದೆ ಬಿಟ್ಟ ಹಳೇ ಸಿಮ್‌ಗೆ ಹೋಗ್ತಿದ್ರೆ ಕ್ಲೌಡ್‌ನಲ್ಲಿ ಎಲ್ಲ ಇದ್ದೂ ಬಾಗಿಲ ಹೊರಗೆ ನಿಲ್ತೀರಿ.

ಈಗ ತಾಳೆ ನೋಡೋ ಕೆಲಸ, ಅಂದ್ರೆ ರಿಸ್ಟೋರ್. ನಿಮ್ಮ ಬ್ಯಾಕಪ್ ಡಿಸ್ಕನ್ನ ಬೇರೆ ಕಂಪ್ಯೂಟರ್‌ಗೆ ಹಾಕಿ, ಗೆಳೆಯನದ್ದಾದ್ರೂ ಸರಿ. ಅದೇ ಕಂಪ್ಯೂಟರ್‌ನಲ್ಲಿ ನೋಡಿದ್ರೆ ಪ್ರಯೋಜನ ಇಲ್ಲ, ಯಾಕಂದ್ರೆ ಅಲ್ಲಿ ಶಾರ್ಟ್‌ಕಟ್ ಕೂಡ ತೆರೆಯುತ್ತೆ, ನುಡಿ ಫಾಂಟ್ ಕೂಡ ಇರುತ್ತೆ. ಒಂದು ಹಳೇ ಫೋಟೋ, ಒಂದು ಕನ್ನಡ ಫೈಲ್, ಒಂದು ಸ್ಕ್ಯಾನ್, ಒಂದು ಹಾಡು ತೆರೆಯಿರಿ. ವಿಡಿಯೋ ಇದ್ರೆ ಕೊನೆಯ ನಿಮಿಷಕ್ಕೆ ಹೋಗಿ ನೋಡಿ, ಅರ್ಧ ಕಾಪಿ ಆದ ವಿಡಿಯೋ ಶುರುವಲ್ಲಿ ಚೆನ್ನಾಗೇ ಓಡುತ್ತೆ. ಮೂಲ ಫೋಲ್ಡರ್ ಮತ್ತು ಕಾಪಿ ಎರಡರ ಮೇಲೂ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲ್‌ಗಳ ಸಂಖ್ಯೆ, ಸೈಜ್ ಹೋಲಿಸಿ. ಅರ್ಧ ಗಂಟೆ ಕೆಲಸ. ಆಯುಧ ಪೂಜೆ ದಿನ ಕಂಪ್ಯೂಟರ್‌ಗೆ ಕುಂಕುಮ ಹಚ್ಚಿ ಸುಮ್ನೆ ಕೂರ್ತೀವಲ್ಲ, ಅವತ್ತೇ ಮಾಡಿ.

ಅಪ್ಪನ ಅಂಗಡಿ ಲೆಕ್ಕ ಮನೆಯ ಕಂಪ್ಯೂಟರ್‌ನಲ್ಲಿ ಟ್ಯಾಲಿಯಲ್ಲಿ ಇದ್ದವರಿಗೆ ಕೊನೇದಾಗಿ ಒಂದು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕದ ದಾಖಲೆಗಳನ್ನ ಆ ವರ್ಷದ ವಾರ್ಷಿಕ ರಿಟರ್ನ್ ಕೊಡೋ ಕೊನೇ ದಿನದಿಂದ 72 ತಿಂಗಳು ಇಟ್ಕೋಬೇಕು, ಅಂದ್ರೆ ಆರು ವರ್ಷ. ಡಿಸ್ಕ್ ಹೋಯ್ತು ಅಂದ್ರೆ ನೋಟಿಸ್ ಕೊಟ್ಟವರು ಕೇಳಲ್ಲ. ಟ್ಯಾಲಿ ಬ್ಯಾಕಪ್ ರಿಸ್ಟೋರ್ ಮಾಡಿ ಪರೀಕ್ಷಿಸೋವಾಗ ಈಗಿರೋ ಡೇಟಾ ಜಾಗಕ್ಕೇ ಮಾಡ್ಬೇಡಿ. ಅದೇ ಕಂಪನಿ ನಂಬರ್ ಮೇಲೆ ಹಳೇ ಬ್ಯಾಕಪ್ ಬಂದು ಕೂತ್ರೆ ನಿನ್ನೆವರೆಗಿನ ಎಂಟ್ರಿ ಹೋಗುತ್ತೆ. ಹೊಸ ಖಾಲಿ ಫೋಲ್ಡರ್ ಮಾಡಿ ಅಲ್ಲಿಗೆ ರಿಸ್ಟೋರ್ ಮಾಡಿ. ಆಮೇಲೆ ಸ್ಟಾಟಿಸ್ಟಿಕ್ಸ್ ರಿಪೋರ್ಟ್‌ನಲ್ಲಿ ಓಚರ್‌ಗಳ ಸಂಖ್ಯೆ ಮತ್ತು ಟ್ರಯಲ್ ಬ್ಯಾಲೆನ್ಸ್, ಎರಡೂ ಕಡೆ ಪಕ್ಕ ಪಕ್ಕ ಇಟ್ಟು ನೋಡಿ. ಹೊಸ ವರ್ಶನ್‌ನಲ್ಲಿ ತೆಗೆದ ಬ್ಯಾಕಪ್ ಹಳೇ ವರ್ಶನ್‌ನಲ್ಲಿ ತೆರೆಯಲ್ಲ, ಹಾಗಾಗಿ ಯಾವ ವರ್ಶನ್ ಅಂತ ಫೋಲ್ಡರ್ ಹೆಸರಲ್ಲೇ ಬರೆದಿಡಿ.

ನುಡಿ ಫೈಲ್ ತೆರೆಯೋಕೆ ಆಗದೆ ಒದ್ದಾಡ್ತಿರೋರು ಕಾಮೆಂಟ್‌ನಲ್ಲಿ ಹೇಳಿ, ಅಂಥವು ನಾಲ್ಕಾರು ಬಂದ್ರೆ ಪರಿವರ್ತನೆ ಬಗ್ಗೆನೇ ಒಂದು ಪೂರ್ತಿ ಎಪಿಸೋಡ್ ಮಾಡ್ತೀನಿ.